ಕಾಯಿರಿ ಎಂದಳು ದೊಡ್ಡಮ್ಮ

ಆ ನಾಡಿನ ಹೆಸರು ಬೇಡ. ಹೆಸರು ಹೇಳಿಬಿಟ್ಟರೆ ಮಿಕ್ಕವರೆಲ್ಲ ‘ಸದ್ಯ, ನಮ್ಮದಲ್ಲ’ ಎಂದು ಕಾಲು ಚಾಚಿ ಕೂರುತ್ತಾರೆ. ಬೋಳುಗುಡ್ಡಗಳ ಒಂದು ನಾಡು ಎಂದಿಟ್ಟುಕೊಳ್ಳಿ. ಬಿದ್ದ ಮಳೆ ಅಲ್ಲಿ ಒಂದು ಗಳಿಗೆಯೂ ನಿಲ್ಲದೆ ಇಳಿಜಾರು ಹಿಡಿದು ಪಕ್ಕದ ಹಸಿರುಕಾಡಿಗೆ ಹೋಗುತ್ತಿತ್ತು. ಆ ನಾಡನ್ನು ಒಂದು ಹೆಣ್ಣಾನೆ ಆಳುತ್ತಿದ್ದಳು. ಪ್ರಜೆಗಳು ಅವಳನ್ನು ದೊಡ್ಡಮ್ಮ ಎನ್ನುತ್ತಿದ್ದರು. ಮನಸ್ಸು ದೊಡ್ಡದು, ಹೆಜ್ಜೆ ಇನ್ನೂ ದೊಡ್ಡದು. ಹೆಜ್ಜೆಯ ಕೆಳಗೆ ಯಾರಿದ್ದಾರೆಂದು ಬಗ್ಗಿ ನೋಡುವ ಅಭ್ಯಾಸ ಮಾತ್ರ ಸ್ವಲ್ಪ ಕಡಿಮೆ.

ಅಲ್ಲಿ ಮರಗಳಿರಲಿಲ್ಲ. ಆದರೆ ಗುಡ್ಡದ ತುಂಬ ಉದ್ದನೆಯ, ನಾರಿನಂಥ ಹುಲ್ಲಿತ್ತು. ನಾಡಿನ ಗೀಜಗ ಹಕ್ಕಿಗಳು ಆ ಹುಲ್ಲನ್ನು ಸೀಳಿ ಸೀಳಿ ಹಸಿರುಕಾಡಿಗೆ ಹೊರುತ್ತಿದ್ದವು. ಹಸಿರುಕಾಡಿನ ಗೀಜಗಗಳು ಅದೇ ಹುಲ್ಲಿನಲ್ಲಿ ಗೂಡು ನೇಯ್ದು, ಮೊಟ್ಟೆಯಿಡುವ ಕಾಲಕ್ಕೆ ಹುಲ್ಲು ಹೊತ್ತು ತಂದವರಿಗೇ ಬಾಡಿಗೆಗೆ ಕೊಡುತ್ತಿದ್ದವು. ಬಾಡಿಗೆ ಏನೆಂದರೆ, ಇನ್ನಷ್ಟು ಹುಲ್ಲು. ಇದರಲ್ಲಿ ಏನೋ ಎಡವಟ್ಟಿದೆ ಎಂದು ಯಾರಿಗೂ ಅನ್ನಿಸಲಿಲ್ಲ. ಅಜ್ಜಂದಿರ ಕಾಲದಿಂದಲೂ ಹಾಗೇ ನಡೆದುಕೊಂಡು ಬಂದಿತ್ತು. ನೇಯುವ ಕುಲದಲ್ಲಿ ಹುಟ್ಟಿದವರಿಗೆ ನೆಟ್ಟಗೆ ಒಂದು ಗಂಟು ಹಾಕಲೂ ಬಾರದ ಸ್ಥಿತಿ ಬಂದಿತ್ತು.

ತಡವಾಗಿಯಾದರೂ ದೊಡ್ಡಮ್ಮನಿಗೆ ಇದು ಹೊಳೆಯಿತು. ನೀರು ನಿಂತರೆ ಮರ ಬೆಳೆಯುತ್ತದೆ, ಮರವಿದ್ದರೆ ಇವರೂ ಗೂಡು ಕಟ್ಟಿಯಾರು ಎಂದುಕೊಂಡಳು. ಎರಡು ಗುಡ್ಡಗಳ ನಡುವೆ ಮಣ್ಣು ಹೊತ್ತು ಹಾಕಿ ಏರಿ ಕಟ್ಟಿದಳು. ದಂಡೆಯಲ್ಲಿ ಜಾಲಿ ಸಸಿಗಳನ್ನು ನೆಟ್ಟಳು. ಅದು ನಾಡಿನ ಹಕ್ಕಿಗಳೆಲ್ಲ ಒಟ್ಟು ಸೇರಿದರೂ ಆಗದ ಕೆಲಸ. ಮೊದಲ ಮಳೆಗೆ ಕೆರೆಯಲ್ಲಿ ನೀರೂ ನಿಂತಿತು. ಅಷ್ಟರಲ್ಲಿ ನಾಡಿನ ಇನ್ನೊಂದು ತುದಿಯ ಹುಲ್ಲುಗಾವಲಿಗೆ ಬೆಂಕಿ ಬಿದ್ದ ಸುದ್ದಿ ಬಂತು. ಹೊರಡುವ ಅವಸರದಲ್ಲಿ ದೊಡ್ಡಮ್ಮ ಏರಿಯ ಮೇಲೆ ನಿಂತು, ಎಲ್ಲರಿಗೂ ಕೇಳುವ ಹಾಗೆ ಒಂದೇ ಮಾತು ಹೇಳಿದಳು.

“ಕಾಯಿರಿ.”

ನಮ್ಮ ಭಾಷೆಯ ಚಂದ ನೋಡಿ. ಅವಳ ಬಲಕ್ಕೆ ನಿಂತಿದ್ದ ಅಧಿಕಾರಿ ಕೋಣಗಳಿಗೆ ಅದು ‘ಕಾವಲು ಕಾಯಿರಿ’ ಎಂದು ಕೇಳಿಸಿತು. ಎಡಕ್ಕೆ ಕೂತಿದ್ದ ಹಕ್ಕಿಗಳಿಗೆ ‘ತಾಳ್ಮೆಯಿಂದ ಕಾಯಿರಿ’ ಎಂದು ಕೇಳಿಸಿತು. ಹಿಂದಿದ್ದ ಆಡುಗಳು ಯಾವುದೋ ಕಾಯಿ ಹಂಚುತ್ತಾರೆಂದುಕೊಂಡು ಕೆಲವು ದಿನ ಅಲ್ಲೇ ಸುಳಿದಾಡಿ, ಬೇಸತ್ತು ಹೋದವು. ಕೋಣಗಳು ಕೆರೆಯ ಸುತ್ತ ಕೊಂಬಿಗೆ ಕೊಂಬು ತಾಗಿಸಿ ನಿಂತು ಒಂದು ಕೊಕ್ಕೂ ಒಳಗೆ ನುಸುಳದಂತೆ ನೋಡಿಕೊಂಡವು. ಹಕ್ಕಿಗಳು ಎದುರುಗಡೆಯ ಬಂಡೆಯ ಮೇಲೆ ಸಾಲಾಗಿ ಕೂತವು. ಕೋಣಗಳು ಕಾಯುತ್ತಿರುವುದನ್ನು ಕಂಡು ಹಕ್ಕಿಗಳು, ಹಾಗಾದರೆ ನಾವಿನ್ನೂ ಕಾಯಬೇಕು ಎಂದುಕೊಂಡವು. ಹಕ್ಕಿಗಳು ಕಾಯುತ್ತಿರುವುದನ್ನು ಕಂಡು ಕೋಣಗಳು, ಇವರೇನೋ ಹೊಂಚು ಹಾಕಿದ್ದಾರೆ, ನಾವು ಕಾಯಲೇಬೇಕು ಎಂದುಕೊಂಡವು.

ಹೀಗೇ ವರ್ಷಗಳು ಉರುಳಿದವು. ಜಾಲಿ ಮರಗಳು ಬೆಳೆದು ನೀರಿನ ಮೇಲೆ ಬಾಗಿದವು. ಕೋಣಗಳಲ್ಲಿ ದರ್ಜೆಗಳು ಹುಟ್ಟಿದವು. ತೂಬಿಗೊಂದು ಕೋಣ, ಕೋಡಿಗೊಂದು ಕೋಣ, ಮರದ ನೆರಳನ್ನು ಕಾಯಲು ಇನ್ನೊಂದು ಕೋಣ. ನೆರಳಿನ ಕೋಣನಿಗೆ ಸಂಜೆಯ ಹೊತ್ತು ಕೆಲಸ ಜಾಸ್ತಿ, ನೆರಳು ಉದ್ದವಾಗುತ್ತಿತ್ತಲ್ಲ. ಗೀಜಗಗಳು ಎಂದಿನಂತೆ ಹುಲ್ಲು ಹೊತ್ತು ಹಸಿರುಕಾಡಿಗೆ ಹೋಗಿ ಬರುತ್ತಿದ್ದವು. ಬಿಡುವಾದಾಗ ಬಂಡೆಯ ಮೇಲೆ ಬಂದು ಕಾಯುತ್ತಿದ್ದವು.

ಆ ಗೀಜಗಗಳಲ್ಲಿ ಕೆಂಚಕ್ಕ ಎಂಬುವಳೊಬ್ಬಳಿದ್ದಳು. ಅವಳ ಗಂಡ ಬೋರಯ್ಯ ತುಂಬ ಸಾಧು. ಹಿಂದಿನ ಮಳೆಗಾಲದಲ್ಲಿ ಅವರಿಗೆ ಬಾಡಿಗೆ ಗೂಡು ಸಿಕ್ಕಿರಲಿಲ್ಲ. ಕೆಂಚಕ್ಕ ಬರೀ ಬಂಡೆಯ ಸಂದಿನಲ್ಲಿ ಮೊಟ್ಟೆಯಿಟ್ಟಿದ್ದಳು. ಹಾವು ಬಂದು ಒಂದೊಂದಾಗಿ ನುಂಗಿತ್ತು. ಅವಳು ಮೊಟ್ಟೆ ಬಿಟ್ಟು ಹಾರಿ, ಪಕ್ಕದಲ್ಲೇ ರೆಕ್ಕೆ ಬಡಿಯುತ್ತ ಅದನ್ನೆಲ್ಲ ನೋಡಿದ್ದಳು. ಈ ವರ್ಷ ಹಸಿರುಕಾಡಿನವರು, ನಮಗೇ ಗೂಡು ಸಾಲದು, ಹೊರಗಿನವರಿಗೆ ಇಲ್ಲ ಎಂದು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು. ಮಳೆ ಹತ್ತಿರ ಬರುತ್ತಿತ್ತು. ಕೆಂಚಕ್ಕನ ಹೊಟ್ಟೆಯಲ್ಲಿ ಮೊಟ್ಟೆಗಳು ಬಲಿಯುತ್ತಿದ್ದವು.

ಅವಳು ಹಿರಿಯ ಕೋಣನ ಬಳಿ ಹೋಗಿ ಒಂದು ಕೊಂಬೆ ಕೇಳಿದಳು. ಅವನು ಕೆಟ್ಟವನಲ್ಲ. ಅವಳ ಕಷ್ಟ ಕೇಳಿ ಕಣ್ಣಲ್ಲಿ ನೀರನ್ನೂ ತಂದುಕೊಂಡ. ಆದರೆ ಅಪ್ಪಣೆ ಅಪ್ಪಣೆಯೇ, ದೊಡ್ಡಮ್ಮ ಬಂದ ಮೇಲೆ ಬಾ ತಾಯಿ ಎಂದ. ಬೋರಯ್ಯನೂ, ಇಷ್ಟು ವರ್ಷ ಕಾದಿದ್ದೀವಿ, ಇನ್ನೊಂಚೂರು ಕಾಯೋಣ ಎಂದ. ಆ ‘ಕಾಯೋಣ’ ಎಂಬ ಮಾತು ಕೇಳಿ ಕೆಂಚಕ್ಕನಿಗೆ ರೇಗಿಹೋಯಿತು. ಅವಳು ಅಲ್ಲಿಂದ ಹಾರಿದವಳು ನಾಡಿನ ಆ ತುದಿ ಮುಟ್ಟುವವರೆಗೆ ಎಲ್ಲೂ ಇಳಿಯಲಿಲ್ಲ. ಅಲ್ಲಿ ಬೆಂಕಿ ಯಾವಾಗಲೋ ಆರಿತ್ತು. ದೊಡ್ಡಮ್ಮ ಅಲ್ಲೂ ಒಂದು ಕೆರೆ ಕಟ್ಟಿ ಮುಗಿಸಿ, ಏರಿಯ ಮೇಲೆ ನಿಂತು, ಇನ್ನೇನು ಕಾಯಿರಿ ಎನ್ನುವುದರಲ್ಲಿದ್ದಳು. ಕೆಂಚಕ್ಕ ಅವಳ ಕಿವಿಯ ಮೇಲೆಯೇ ಕೂತು, ಆ ಮಾತೊಂದನ್ನು ಮಾತ್ರ ಆಡಬೇಡಿ ಎಂದು ಅಂಗಲಾಚಿದಳು.

ದೊಡ್ಡಮ್ಮ ಅವಸರದಿಂದ ವಾಪಸು ಬಂದಳು. ತುಂಬಿದ ಕೆರೆ, ಬಾಗಿದ ಮರ, ಒಂದೂ ಗೂಡಿಲ್ಲದ ಕೊಂಬೆಗಳನ್ನು ಕಂಡು ದಂಗಾಗಿ ನಿಂತಳು. ಯಾಕೆ ಬಿಡಲಿಲ್ಲ ಎಂದು ಕೋಣಗಳನ್ನು ಕೇಳಿದರೆ, ನೀವೇ ಕಾಯಿರಿ ಎಂದಿರಲ್ಲ ಎಂದವು. ಯಾಕೆ ಕಟ್ಟಲಿಲ್ಲ ಎಂದು ಹಕ್ಕಿಗಳನ್ನು ಕೇಳಿದರೆ, ಅವೂ ಅದೇ ಉತ್ತರ ಕೊಟ್ಟವು.

“ನೀವು ಹೇಳಿದ್ದು ಯಾವ ಕಾಯೋದು ದೊಡ್ಡಮ್ಮಾ?” ಎಂದು ಹಿರಿಯ ಕೋಣ ಕೇಳಿದ.

ದೊಡ್ಡಮ್ಮ ಸೊಂಡಿಲು ಮಡಚಿಕೊಂಡು ಯೋಚಿಸಿದಳು. “ನಿಜ ಹೇಳಲಾ? ನನಗೇ ನೆನಪಿಲ್ಲ,” ಎಂದಳು.

ಆಳುವವರ ಬಾಯಲ್ಲಿ ಇಂಥ ಮಾತು ಕೇಳಿ ಯಾರಿಗೂ ರೂಢಿಯಿರಲಿಲ್ಲ. ದೊಡ್ಡಮ್ಮನಿಗೆ ನಾಚಿಕೆಯಾಗಿತ್ತು. ದೊಡ್ಡವರಿಗೆ ನಾಚಿಕೆಯಾದರೆ ಕೂಡಲೇ ಏನಾದರೂ ಮಾಡಿಬಿಡುವ ಆತುರ ಹುಟ್ಟುತ್ತದೆ. ಅವಳು ತಾನೇ ಗೂಡು ನೇಯಲು ಕೂತಳು. ಒಂದು ಗುಡ್ಡದ ಹುಲ್ಲನ್ನೆಲ್ಲ ಕಿತ್ತು ತಂದು, ತಿರುಚಿ, ಗಂಟು ಹಾಕಿ, ಬಣವೆಯಷ್ಟು ದೊಡ್ಡದೊಂದನ್ನು ಮರಕ್ಕೆ ತೂಗುಹಾಕಿದಳು. ಅದಕ್ಕೆ ಬಾಗಿಲು ಇಡುವುದು ಮರೆತುಹೋಗಿತ್ತು. ಎಲ್ಲರೂ ಚಪ್ಪಾಳೆ ತಟ್ಟುವಷ್ಟರಲ್ಲಿ ಕೊಂಬೆ ಮುರಿದು ಗೂಡು ನೀರಿಗೆ ಬಿತ್ತು. ಹೋದದ್ದು ಒಂದು ಗೂಡಲ್ಲ, ಒಂದು ಒಳ್ಳೆಯ ಕೊಂಬೆ.

ಕೆಂಚಕ್ಕ ಆಗ ಎಲ್ಲರೆದುರಿಗೆ ಹೇಳಿಯೇಬಿಟ್ಟಳು. “ನೇಯೋದು ನಮಗೆ ಬಿಡಿ ದೊಡ್ಡಮ್ಮಾ. ನಮ್ಮ ಕೈಲಿ ಆಗದ್ದು ಏನಿದೆಯೋ ಅದನ್ನ ನೀವು ಮಾಡಿ.”

ಕೋಣಗಳು ದಾರಿ ಬಿಟ್ಟವು. ಬೋರಯ್ಯ ನೇಯಲು ಶುರುಮಾಡಿದ. ಪಾಪ, ಯಾರು ಕಲಿಸಬೇಕು ಅವನಿಗೆ? ಮೊದಲ ಗೂಡು ಓರೆಯಾಯಿತು, ಕೆಂಚಕ್ಕ ಒಳಹೊಕ್ಕು ನೋಡಿ ತಲೆಯಾಡಿಸಿದಳು. ಎರಡನೆಯದು ಅರ್ಧಕ್ಕೇ ಬಿಚ್ಚಿಕೊಂಡಿತು. ಈ ಸುದ್ದಿ ಹಸಿರುಕಾಡಿಗೆ ಮುಟ್ಟಿದ್ದೇ ತಡ, ಅಲ್ಲಿನವರಿಗೆ ಇದ್ದಕ್ಕಿದ್ದಂತೆ ಔದಾರ್ಯ ಉಕ್ಕಿತು. ಮೊನ್ನೆ ಮೊನ್ನೆ ಗೂಡೇ ಇಲ್ಲ ಎಂದವರು, ಚೆಂದದ ಸಿದ್ಧ ಗೂಡುಗಳನ್ನು ಹೊತ್ತುಕೊಂಡು ಗಡಿಯ ಕಣಿವೆಗೆ ಬಂದು, ಈ ವರ್ಷ ಪುಕ್ಕಟೆ ತಗೊಳ್ಳಿ, ಯಾಕೆ ಕಷ್ಟಪಡ್ತೀರಿ ಎಂದರು. ಹಕ್ಕಿಗಳ ಮನಸ್ಸು ಅತ್ತಿತ್ತ ಹೊಯ್ದಾಡಿತು. ಬೋರಯ್ಯನೂ ಬಾಯಲ್ಲಿದ್ದ ಹುಲ್ಲನ್ನು ಕೆಳಗೆ ಹಾಕಿದ. ಕೆಂಚಕ್ಕ ಮಾತ್ರ, ಮುಂದಿನ ವರ್ಷವೂ ಪುಕ್ಕಟೆಯೋ ಎಂದು ಕೇಳಿದಳು. ಅದನ್ನು ಆಮೇಲೆ ನೋಡೋಣ ಎಂದು ಅವರು ನಕ್ಕರು.

ದೊಡ್ಡಮ್ಮ ಹೋಗಿ ಆ ಕಣಿವೆಯ ದಾರಿಗೆ ಅಡ್ಡಲಾಗಿ ನಿಂತಳು. ಬೈಯಲಿಲ್ಲ, ಘೀಳಿಡಲಿಲ್ಲ. ನಮ್ಮವರ ಕೈ ಪಳಗುವವರೆಗೆ ಇವು ನಿಮ್ಮಲ್ಲೇ ಇರಲಿ, ಆಮೇಲೆ ನಿಮ್ಮ ಗೂಡು ನಮ್ಮ ಗೂಡು ಎರಡನ್ನೂ ಪಕ್ಕಪಕ್ಕ ತೂಗಿಹಾಕೋಣ, ಬೇಕಾದವರು ಬೇಕಾದ್ದರಲ್ಲಿ ಇರಲಿ ಎಂದಳು. ಹಿಂದಕ್ಕೆ ತಿರುಗಿ ತನ್ನವರಿಗೂ ಒಂದು ಮಾತು ಹೇಳಿದಳು. ನಾನು ಹೀಗೆ ಅಡ್ಡ ನಿಲ್ಲುವುದು ಈ ಒಂದು ಮಳೆಗಾಲ ಮಾತ್ರ. ಅಷ್ಟರೊಳಗೆ ಕಲಿಯದಿದ್ದರೆ ನಾನು ನಿಂತೂ ದಂಡ. ಬೋರಯ್ಯ ಬಿದ್ದ ಹುಲ್ಲನ್ನು ಮತ್ತೆ ಎತ್ತಿಕೊಂಡ. ಅವನ ನಾಲ್ಕನೆಯ ಗೂಡಿನೊಳಗೆ ಹೊಕ್ಕ ಕೆಂಚಕ್ಕ ಹೊರಗೆ ಬರಲಿಲ್ಲ. ಅಲ್ಲೇ ಮೊಟ್ಟೆಯಿಟ್ಟಳು.

ಮಳೆ ಹಿಡಿಯಿತು. ಬಿಟ್ಟೂ ಬಿಡದೆ ಸುರಿಯಿತು. ಗುಡ್ಡಗಳ ನೀರೆಲ್ಲ ಕೆರೆಗೆ ನುಗ್ಗಿತು. ಆಗ ಗೊತ್ತಾಯಿತು ನೋಡಿ, ಇಷ್ಟು ವರ್ಷ ಏರಿಯ ಮೇಲೆ ನಿಂತು ಕಾದ ಕೋಣಗಳು ಅದಕ್ಕೆ ಒಂದು ಹಿಡಿ ಮಣ್ಣು ಹಾಕಿರಲಿಲ್ಲ. ಅಪ್ಪಣೆಯಲ್ಲಿ ಅದು ಇರಲಿಲ್ಲವಲ್ಲ. ಗೊರಸು ತುಳಿದು ತುಳಿದು ಸವೆದಿದ್ದ ಜಾಗದಲ್ಲಿ ಏರಿ ಬಾಯಿಬಿಟ್ಟಿತು. ದಂಡೆಯ ಜಾಲಿ ಮರಗಳ ಬುಡದ ಮಣ್ಣು ಕರಗತೊಡಗಿತು. ಕೆಂಚಕ್ಕನ ಗೂಡಿದ್ದ ಮರ ಒಂದು ಸಲ ನಡುಗಿ ಸ್ವಲ್ಪ ವಾಲಿತು. ಅವಳು ಮೊಟ್ಟೆಗಳ ಮೇಲೆ ರೆಕ್ಕೆ ಹರಡಿ ಕೂತಳು. ಈ ಸಲ ಹಾರಿಹೋಗುವುದಿಲ್ಲ ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು.

ದೊಡ್ಡಮ್ಮ ಕಣಿವೆಯಿಂದ ಓಡಿ ಬಂದಳು. ಒಡೆದ ಜಾಗದಲ್ಲಿ ಅಡ್ಡಡ್ಡಲಾಗಿ ಮಲಗಿಬಿಟ್ಟಳು. ನೀರು ಅವಳ ಬೆನ್ನಿಗೆ ಬಡಿದು ನಿಂತಿತು. ಕೋಣಗಳು ಬಾಯಿ ಬಿಟ್ಟು ನೋಡುತ್ತ, ಅಪ್ಪಣೆ ಏನು ಎಂದು ಕೇಳಿದವು. ದೊಡ್ಡಮ್ಮ ಈ ಸಲ ಒಂದಕ್ಷರವೂ ಅನುಮಾನ ಬಾರದ ಹಾಗೆ ಹೇಳಿದಳು.

“ಮಣ್ಣು ತುಳೀರಿ.”

ದರ್ಜೆಯ ಕೋಣಗಳಿಗೆ ಮೊದಲು ಅವಮಾನವೆನಿಸಿತು. ನೆರಳಿನ ಕೋಣ, ತಾನು ಇಂಥ ಕೆಲಸಕ್ಕೆ ಬಂದವನಲ್ಲ ಎಂದು ಗೊಣಗಿದ. ಆದರೆ ಕೋಣ ಎಷ್ಟಾದರೂ ಕೋಣ. ಕೆಸರಿಗೆ ಕಾಲಿಟ್ಟದ್ದೇ ಅವುಗಳ ಮುಖವೆಲ್ಲ ಅರಳಿತು. ಗುಡ್ಡದ ಮಣ್ಣು ಕೆಡವಿ, ತುಳಿದು, ಹದ ಮಾಡಿ, ದೊಡ್ಡಮ್ಮನ ಅಕ್ಕಪಕ್ಕ ಮೆತ್ತಿದವು. ಇಂಥ ಸುಖದ ಕೆಲಸವನ್ನು ಬಿಟ್ಟು ಇಷ್ಟು ವರ್ಷ ನಾವು ಯಾಕೆ ನಿಂತಿದ್ದೆವು ಎಂದು ಹಿರಿಯ ಕೋಣ ಬೆರಗಾದ. ಮಳೆ ಬಿಟ್ಟಾಗ ಏರಿ ಗಟ್ಟಿಯಾಗಿತ್ತು, ಮರ ನಿಂತಿತ್ತು. ಕೆಲವು ದಿನಗಳಲ್ಲಿ ಗೂಡಿನಿಂದ ಚಿಲಿಪಿಲಿ ಕೇಳಿತು. ಬೋರಯ್ಯ ಮರಿಗಳನ್ನು ನೋಡಿ ಅತ್ತುಬಿಟ್ಟ. ಕೆಂಚಕ್ಕ ಅಳಲಿಲ್ಲ, ಹುಳ ತರಲು ಹೋದಳು.

ಮುಂದಿನ ವರ್ಷ ದೊಡ್ಡಮ್ಮ ಹೇಳಿದಂತೆ ಕಣಿವೆಯ ದಾರಿ ಬಿಟ್ಟಳು. ಹಸಿರುಕಾಡಿನ ಗೂಡುಗಳು ಬಂದವು. ಅವುಗಳ ಪಕ್ಕದಲ್ಲಿ ಈ ನಾಡಿನ ಗೂಡುಗಳೂ ತೂಗಿದವು. ಯಾವುದು ಗಟ್ಟಿ ಎಂದು ಹಾವಿಗೆ ಮೊದಲು ಗೊತ್ತಾಯಿತು. ಕಾಲ ಕಳೆದಂತೆ ಹಸಿರುಕಾಡಿನ ಹೆಣ್ಣು ಗೀಜಗಗಳೇ ಕಣಿವೆ ದಾಟಿ ಬಂದು, ಇಲ್ಲಿ ಒಂದು ಗೂಡು ಸಿಕ್ಕೀತೇ ಎಂದು ವಿಚಾರಿಸತೊಡಗಿದವು. ದೊಡ್ಡಮ್ಮ ಪ್ರತಿ ಮಳೆಗಾಲದಲ್ಲೂ ಏರಿಯಲ್ಲಿ ಹಿಂದೆ ಒಡೆದಿದ್ದ, ಮಳೆಗೆ ಮತ್ತೆ ಮೆತ್ತಗಾಗುವ ಜಾಗಕ್ಕೆ ಬಂದು ಮಲಗುತ್ತಿದ್ದಳು. ಕೋಣಗಳು ಮಣ್ಣು ಮೆತ್ತುತ್ತಿದ್ದವು. ಅವಳ ಬೆನ್ನಿನ ಮೇಲೆ ಗರಿಕೆ ಹಬ್ಬಿತು. ಅವಳು ಅಲ್ಲಿದ್ದಾಳೆಂದು ಎಳೆಯ ಹಕ್ಕಿಗಳಿಗೆ ಗೊತ್ತೂ ಆಗುತ್ತಿರಲಿಲ್ಲ.

ಬೋಳುಗುಡ್ಡದ ನಾಡು ಉದ್ಧಾರವಾದ ಸುದ್ದಿ ದೇಶದೇಶಕ್ಕೆ ಹರಡಿತು. ಒಂದು ಮಳೆಗಾಲದಲ್ಲಿ ದೂರದಿಂದ ಕೊಕ್ಕರೆ ಪಂಡಿತರ ತಂಡವೊಂದು ಬಂದಿಳಿಯಿತು. ತಮ್ಮೊಡನೆ ಅವರು ಇನ್ನೊಂದು ಒಣನಾಡಿನ ದೊರೆಯನ್ನೂ ಕರೆತಂದಿದ್ದರು. ಅವನೊಬ್ಬ ಎಳೆಯ ಆನೆ. ಆಳುವುದು ಹೇಗೆಂದು ತಿಳಿಯದೆ ಕಂಗಾಲಾಗಿದ್ದ. ಹಿರಿಯ ಪಂಡಿತ ಸುತ್ತ ಕಣ್ಣಾಡಿಸಿ, ಎಲ್ಲರಿಗಿಂತ ಎತ್ತರದಲ್ಲಿ ನಿಂತು ಮಾತಾಡಲು ಏರಿಯ ಮೇಲಿದ್ದ ಹಸಿರು ದಿಬ್ಬವೊಂದನ್ನು ಆರಿಸಿಕೊಂಡ. ಅದರ ಮೇಲೆ ಒಂಟಿಕಾಲಲ್ಲಿ ನಿಂತ.

“ಕಣ್ಣು ಬಿಟ್ಟು ನೋಡಿ ದೊರೆಗಳೇ,” ಎಂದ. “ಇಲ್ಲಿ ಎಲ್ಲಾದರೂ ಆನೆ ಕಾಣಿಸುತ್ತಿದೆಯೇ? ಎಲ್ಲವನ್ನೂ ಹಕ್ಕಿಗಳೇ ಮಾಡಿಕೊಂಡಿವೆ. ನೀವು ಊರಿಗೆ ಹೋಗಿ ಸುಮ್ಮನಿದ್ದರೆ ಸಾಕು.”

ಮಿಕ್ಕ ಕೊಕ್ಕರೆಗಳು ಹೌದೌದು ಎಂದವು. ಸಭೆ ಮುಗಿದು, ಊಟದ ವೇಳೆಯಾಯಿತೆಂದು ಪಂಡಿತರೆಲ್ಲ ಕೆರೆಯ ಮೀನಿನ ಕಡೆ ನಡೆದರು. ಎಳೆಯ ಆನೆ ಮಾತ್ರ ಹಿಂದೆ ಉಳಿದ. ಹೋಗುವ ಮುಂಚೆ ಯಾಕೋ ಆ ದಿಬ್ಬದ ಮೇಲೆ ಸೊಂಡಿಲಾಡಿಸಿದ. ಗರಿಕೆಯ ಕೆಳಗೆ ಮಣ್ಣು ಬೆಚ್ಚಗಿತ್ತು, ಮೆಲ್ಲಗೆ ಏರಿ ಇಳಿಯುತ್ತಿತ್ತು. ಅವನು ಬೆಚ್ಚಿ ಸೊಂಡಿಲು ಎಳೆದುಕೊಂಡ. ಪಂಡಿತರು ಹೋದ ದಿಕ್ಕನ್ನು ನೋಡಿದ, ಮೇಲೆ ತೂಗುತ್ತಿದ್ದ ಗೂಡುಗಳನ್ನು ನೋಡಿದ. ಆಮೇಲೆ ಕೊಂಬೆಯ ಮೇಲೆ ಕೂತಿದ್ದ ಮುದಿ ಕೆಂಚಕ್ಕನ ಹತ್ತಿರ ಬಂದು, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ ಕೇಳಿದ.

“ಅಕ್ಕಾ, ಈ ದಿಬ್ಬ ಎದ್ದು ಊಟಕ್ಕೆ ಹೋಗೋದು ಯಾವಾಗ?”

“ಮಳೆಗಾಲ ಮುಗಿದ ಮೇಲೆ,” ಎಂದಳು ಕೆಂಚಕ್ಕ. “ಅಲ್ಲೀತನಕ ಊಟ ನಾವೇ ತಂದು ಹಾಕ್ತೀವಿ, ಮಗಾ.”