ಗ್ರೀಗಪ್ಪನಿಗೆ ಒಂದು ಗಂಟೆ

“ನಿಮ್ಮೂರ ಆ ಸಂಗೀತದಯ್ಯನ ಹೆಸರಲ್ಲಿ ನಮ್ ಸ್ಕೂಲ್ ಗೋಪುರದಲ್ಲಿ ಒಂದು ಗಂಟೆ ಬಾರಿಸ್ತೀನಿ ಸಿಸ್ಟರೇ, ನನ್ ಮಗಳಾಣೆ!”

ಮಗಳು ಚೈತ್ರ ಹುಟ್ಟಿದ ದಿನ ಶಾಂತರಾಜು ಕೊಟ್ಟ ಮಾತು ಅದು. ತಾಯಿ, ಮಗು ಇಬ್ಬರನ್ನೂ ಉಳಿಸಿಕೊಟ್ಟ ನಾರ್ವೆಯ ನರ್ಸು ಇಂಗ್ರಿಡ್, ಹೆರಿಗೆಯುದ್ದಕ್ಕೂ ತನ್ನ ದೇಶದ ಸಂಗೀತಗಾರ ಗ್ರೀಗ್ ಎಂಬುವವನ ರಾಗ ಗುನುಗುತ್ತಿದ್ದಳು. ಏನು ಕೊಡಲಿ ಅಂದರೆ, ಅವನನ್ನೊಮ್ಮೆ ನೆನೆಸು ಸಾಕು ಅಂದಿದ್ದಳು.

ಈಗ ಚೈತ್ರ ತುಂಬಿದ ಬಸುರಿ; ಮಾತು ಇನ್ನೂ ಬಾಕಿಯಿತ್ತು. ಜೂನ್ ಹದಿನೈದು, ಗ್ರೀಗ್ ಹುಟ್ಟಿದ ದಿನ, ತಲೆಯೆಲ್ಲ ಬೆಳ್ಳಗಾದ ಇಂಗ್ರಿಡ್ ಮಡಚುವ ಕುರ್ಚಿ ಹಿಡಿದು ಗುಂಡ್ಲುಪೇಟೆಯಲ್ಲಿ ಇಳಿದಳು. ಸ್ಕೂಲಿನ ಅಟೆಂಡರ್ ಶಾಂತರಾಜು ಗೋಪುರ ಹತ್ತಿ ಹಗ್ಗ ಜಗ್ಗಿದ. ಢಣ್! ಇಳಿದು ಬಂದು ಕೈಮುಗಿದ.

ಅಂಗಳದಲ್ಲಿ ಕುರ್ಚಿ ಹಾಕಿ ಕೂತಿದ್ದ ಇಂಗ್ರಿಡ್ ಏಳಲಿಲ್ಲ. ವಾಚು ತೋರಿಸಿದಳು. “ಇನ್ನೂ ಐವತ್ತೊಂಬತ್ತು ನಿಮಿಷ ಇದೆ.”

“ಅಪ್ಪ, ನೀ ಏನಂದಿದ್ದೆ?” ಪಕ್ಕದಲ್ಲಿದ್ದ ಚೈತ್ರ ಕೇಳಿದಳು.

“ಒಂದ್ ಗಂಟೆ ಅಂದಿದ್ದೆ ಕಣಮ್ಮಿ. ಒಂದೇ ಢಣ್ಣು!”

“ಅವ್ರು ಟೈಮು ಅನ್ಕೊಂಡವ್ರೆ. ಬುಡು, ನಾನು ಹೇಳ್ತೀನಿ.”

ಶಾಂತರಾಜು ಮಗಳ ಹೊಟ್ಟೆ ನೋಡಿದ. ಇಟ್ಟಿದ್ದು ಅವಳ ಆಣೆ. ಮತ್ತೆ ಹತ್ತಿದ.

ಇಂಗ್ರಿಡ್ ಕೆಳಗೆ ರಾಗ ಹಾಡಿದಳು, ಅವನು ಮೇಲೆ ತಾಳ ಹಾಕಿದ. ಇದ್ದ ಸ್ವರ ಒಂದೇ. ಅಷ್ಟರಲ್ಲಿ ಮಕ್ಕಳು ಲಾಂಗ್ ಬೆಲ್ ಅಂತ ಬ್ಯಾಗು ಬೀಸಿಕೊಂಡು ಮನೆಗೆ ಓಡಿದರು. ಅವರನ್ನು ನೋಡಿ ಪಕ್ಕದ ಸ್ಕೂಲೂ ಬಿಟ್ಟಿತು. ಆಚೆಯ ಆಫೀಸಿನವರು ಟಿಫನ್ ಡಬ್ಬಿ ಹಿಡಿದು, ಇಷ್ಟು ಬೇಗ ಸಂಜೆಯಾಯಿತಲ್ಲ ಎಂದುಕೊಳ್ಳುತ್ತ ಬಸ್‌ಸ್ಟ್ಯಾಂಡಿಗೆ ನಡೆದರು. ಸಾವಿನ ಮನೆಯೆಂದು ದಾಸಯ್ಯನೊಬ್ಬ ಶಂಖ, ಜಾಗಟೆ ಸಮೇತ ಬಂದ.

“ಯಾರಮ್ಮಾ ಓಗಿದ್ದು?”

“ಗ್ರೀಗ್ ಅಂತ,” ಅಂದಳು ಚೈತ್ರ. “ನಾರ್ವೆಯೋರು.”

“ಎಲ್ಲದು, ಗೂಡಲೂರಿಂದಾಚೆಗಾ?”

“ಇನ್ನೂ ಸ್ವಲ್ಪ ಆಚೆಗೆ.”

“ಪಾಪ, ಗ್ರೀಗಪ್ಪ!” ಎಂದು ಅವನೂ ಶಂಖ ಊದಿದ. ಇಂಗ್ರಿಡ್ ಕಣ್ಣೊರೆಸಿಕೊಂಡಳು.

ಹೆಡ್‌ಮೇಡಂ ಶಿವರುದ್ರಮ್ಮ ಅಂಗಳದಿಂದ ಕೂಗಿದರು: “ಲೋ ಶಾಂತರಾಜು! ಊರಿಗೆ ಊರೇ ರಜಾ ಆಗೋಯ್ತು! ಕೆಲ್ಸ ಬೇಕೋ ಬೇಡ್ವೋ?”

“ಬೇಕು ಮೇಡಂ!” ಎಂದು ಮೇಲಿನಿಂದಲೇ ಕೂಗಿದ. ಢಣ್! “ಮಗಳೂ ಬೇಕು!” ಢಣ್!

ಅಂಗೈ ಬೊಬ್ಬೆಯೆದ್ದು ಒಡೆಯಿತು. ಟವೆಲ್ ಸುತ್ತಿಕೊಂಡು ಜಗ್ಗಿದ. ಕೊನೆಗೆ ಇಂಗ್ರಿಡ್ ವಾಚು ನೋಡಿ, ಎದ್ದು, ಕುರ್ಚಿ ಮಡಚಿದಳು.

ಶಾಂತರಾಜು ಒಂದು ಗಂಟೆ ಬಾರಿಸಿದ್ದ. ಮಾತು ಉಳಿಯಿತು.