ನಾಲ್ಕನೆಯ ಹೆಜ್ಜೆಯ ತಿದ್ದುಪಡಿ

ಕಂಪನಿಯ ಸಾಫ್ಟ್‌ವೇರ್ ಬಳಸುವವರಿಗಾಗಿ ಬರೆದ ಪುಟಗಳನ್ನು ತಿದ್ದುವುದು ಅವಳ ಕೆಲಸ. ಅದಕ್ಕೇ ಆಫೀಸಿನಲ್ಲಿ ಎಲ್ಲರಿಗೂ ಅವಳು ‘ಟೀಚರಮ್ಮ’. ಆ ಬೆಳಿಗ್ಗೆ ‘ಬೇಡದ ನೆಟ್‌ವರ್ಕ್ ಸೇವೆಗಳನ್ನು ನಿಲ್ಲಿಸುವುದು ಹೇಗೆ’ ಎಂಬ ಪುಟದ ನಾಲ್ಕನೆಯ ಹೆಜ್ಜೆ ಓದಿ ಟೀಚರಮ್ಮ ಹಣೆ ಹಣೆ ಚಚ್ಚಿಕೊಂಡಳು. ಬೇಡದವುಗಳ ಪಟ್ಟಿಗೆ ಯಾವನೋ ಪುಣ್ಯಾತ್ಮ ದೂರದಿಂದ ಲಾಗಿನ್ ಆಗುವ ಸೇವೆಯನ್ನೂ ಸೇರಿಸಿಬಿಟ್ಟಿದ್ದ! ಎಲ್ಲೋ ಕೂತು ಇನ್ನೆಲ್ಲೋ ಇರುವ ಕಂಪ್ಯೂಟರಿನಲ್ಲಿ ಆ ಸೇವೆಯನ್ನು ನಿಲ್ಲಿಸುವುದೂ ಒಂದೇ, ಬೀದಿಯಲ್ಲಿ ನಿಂತು ಮನೆಯ ಒಳಚಿಲಕ ಹಾಕುವುದೂ ಒಂದೇ.

ಅಂದು ಅದನ್ನೇ ಮಾಡಹೊರಟಿದ್ದವನು ಅವಳ ಸ್ವಂತ ತಮ್ಮ. ನೀರು ಸರಬರಾಜು ಕಚೇರಿಯಲ್ಲಿ ಅವನ ಕೆಲಸ ಖಾಯಂ ಆಗಲು ಇನ್ನೊಂದೇ ತಿಂಗಳಿತ್ತು. ಮಧ್ಯಾಹ್ನ ಮೂರಕ್ಕೆ ಕಚೇರಿಯಲ್ಲೇ ಕೂತು ಹದಿನೇಳು ಪಂಪ್‌ಹೌಸ್‌ಗಳ ಕಂಪ್ಯೂಟರುಗಳಲ್ಲಿ, ಇದೇ ಪುಟ ನೋಡಿಕೊಂಡು, ಬೇಡದ್ದನ್ನೆಲ್ಲ ಅವನು ನಿಲ್ಲಿಸಬೇಕಿತ್ತು.

ಟೀಚರಮ್ಮ ಮ್ಯಾನೇಜರ ಕೋಣೆಗೆ ಓಡಿದಳು.

“ಗ್ರಾಹಕರ ದೂರು ಬಂದಿದೆಯಾ?” ಎಂದರು ಮ್ಯಾನೇಜರು.

“ಇಲ್ಲ ಸಾರ್. ಬರೋಕೆ ಮೊದಲೇ ಸರಿ ಮಾಡೋಣ ಅಂತ.”

“ದೂರೇ ಇಲ್ಲ ಅಂದ್ಮೇಲೆ ತಪ್ಪು ಎಲ್ಲಿಂದ ಬಂತಮ್ಮ? ದೂರಿನ ನಂಬರ್ ಹಾಕದೆ ತಿದ್ದುಪಡಿ ಫಾರ್ಮ್ ಮುಂದಕ್ಕೇ ಹೋಗಲ್ಲ.”

ಆಹಾ, ಎಂಥ ವ್ಯವಸ್ಥೆ! ಯಾರಾದರೂ ಗುಂಡಿಗೆ ಬಿದ್ದು ಕೂಗುವವರೆಗೂ ಅದು ಗುಂಡಿಯೇ ಅಲ್ಲ. ಅವಳು ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಿದಳು.

“ನಾಲ್ಕನೇ ಹೆಜ್ಜೆ ಬಿಟ್ಬಿಡೋ. ತಪ್ಪಿದೆ.”

“ಪುಟದಲ್ಲಿರೋ ಹಾಗೇ ಮಾಡು, ಸ್ವಂತ ಬುದ್ಧಿ ಓಡಿಸ್ಬೇಡ ಅಂದಿದ್ದಾರಕ್ಕ ನಮ್ಮ ಸಾಹೇಬ್ರು.”

“ಆ ಪುಟ ತಿದ್ದೋಳೇ ನಾನು ಕಣೋ!”

“ಹಾಗಾದ್ರೆ ತಿದ್ದಕ್ಕ, ಹಾಗೇ ಮಾಡ್ತೀನಿ. ನಮ್ಮಕ್ಕ ಹೇಳಿದ್ಲು ಅಂತ ಸಾಹೇಬ್ರಿಗೆ ಹೇಳೋಕಾಗತ್ತಾ?”

ಅವನ ಮಾತೂ ಸರಿಯೇ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮೂರೂ ಇಪ್ಪತ್ತಕ್ಕೆ ದೂರು ಬಂತು. ಪಂಪುಗಳು ಅವುಗಳ ಪಾಡಿಗೆ ಓಡುತ್ತಿವೆ, ಆದರೆ ಹದಿನೇಳರಲ್ಲಿ ಒಂದಕ್ಕೂ ಕಚೇರಿಯಿಂದ ಲಾಗಿನ್ ಆಗುತ್ತಿಲ್ಲ. ದೂರು ಬರೆದವನು ತಮ್ಮನೇ. ಮ್ಯಾನೇಜರ ಮುಖ ಮದುವೆಮನೆಯ ಹಾಗೆ ಅರಳಿತು.

“ನೋಡು, ನಂಬರ್ ಬಂತು! ಬೇಗ ತಿದ್ದು. ತಿದ್ದಿದ ದಿನಾಂಕ ಗಿನಾಂಕ ಹಾಕ್ಬೇಡ, ಹಳೇದು ಅಳಿಸಿಬಿಡು. ಸುಮ್ನೆ ನಮ್ಮ ಮರ್ಯಾದೆ ಯಾಕೆ ಹೋಗ್ಬೇಕು?”

ಇನ್ನೊಬ್ಬರ ಮನೆಯ ಮಕ್ಕಳಾದರೂ ಬಚಾವಾಗಲಿ ಎಂದು ಟೀಚರಮ್ಮ ಐದೇ ನಿಮಿಷದಲ್ಲಿ ತಿದ್ದಿದಳು. ‘ಈ ಸೇವೆಯನ್ನು ಮಾತ್ರ ನಿಲ್ಲಿಸಬೇಡಿ’ ಎಂಬುದನ್ನು ದಪ್ಪಕ್ಷರದಲ್ಲಿ ಹಾಕಿದಳು.

ನಾಲ್ಕೂವರೆಗೆ ತಮ್ಮನ ಫೋನ್ ಬಂತು.

“ಪುಟದಲ್ಲಿದ್ದ ಹಾಗೇ ಮಾಡಿದೆ ಅಂದೆ ಅಕ್ಕ. ಸಾಹೇಬ್ರು ತೆಗೆದು ನೋಡಿದ್ರು. ಇಷ್ಟು ದಪ್ಪಕ್ಷರದಲ್ಲಿ ನಿಲ್ಲಿಸಬೇಡಿ ಅಂತ ಬರೆದಿದೆ, ಸುಳ್ಳು ಬೇರೆ ಹೇಳ್ತೀಯಾ ಅಂದ್ರು. ನಾಳೆಯಿಂದ ಬರಬೇಡ ಅಂದ್ರು.”

ಟೀಚರಮ್ಮ ಮತ್ತೆ ಮ್ಯಾನೇಜರ ಕೋಣೆಗೆ ಓಡಿದಳು. “ಸಾರ್, ಮೊದಲು ತಪ್ಪಿತ್ತು ಅಂತ ಒಂದೇ ಒಂದು ಸಾಲು ಬರೆದು ಕೊಡಿ. ಕೈ ಮುಗೀತೀನಿ.”

ಮ್ಯಾನೇಜರು ಕನ್ನಡಕ ಹಾಕಿಕೊಂಡು ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು.

“ಯಾವ ತಪ್ಪಮ್ಮ?” ಎಂದರು. “ಎಲ್ಲಾ ಸರಿಯಾಗೇ ಇದೆಯಲ್ಲ.”