ಕಾಲು ಮಡಚಲಾಗದ ಸ್ಟೂಲು

ನ್ಯಾಮತಿಯ ಬಡಗಿ ಬೈಲಪ್ಪ ಹೊನ್ನಾಳಿಯ ಬಾರಿಗೆ ಎತ್ತರದ ಸ್ಟೂಲೊಂದನ್ನು ಮಾಡಿಕೊಟ್ಟು ಎಂಟು ದಿನವಾಗಿತ್ತು. ಮಾಲೀಕ ಪರಶುರಾಮ್ ಹೊಸ ಗ್ರಾನೈಟ್ ಕೌಂಟರು ಹಾಕಿಸಿದ್ದ. ಅದರ ಮುಂದೆ ಇಪ್ಪತ್ತು ಸ್ಟೂಲು ಬೇಕು, ಮೊದಲು ಮೂರು ಥರದ್ದು ಇಟ್ಟು ನೋಡುತ್ತೇನೆ ಅಂದಿದ್ದ. ಒಂದು ಚನ್ನಗಿರಿಯ ವೆಲ್ಡಿಂಗ್ ಅಂಗಡಿಯದು, ಕಬ್ಬಿಣದ ಪೈಪು, ಮೇಲೆ ಕೆಂಪು ರೆಕ್ಸಿನ್. ಇನ್ನೊಂದು ದಾವಣಗೆರೆಯಿಂದ ತಂದ ಸ್ಟೀಲಿನದು. ಮೂರನೆಯದು ಬೈಲಪ್ಪನ ಮತ್ತಿ ಮರದ್ದು.

ಈ ಕೆಲಸ ಸಿಗದಿದ್ದರೆ ಬೈಲಪ್ಪ ಅಂಗಡಿ ಮುಚ್ಚಬೇಕಿತ್ತು. ತನ್ನ ಹತ್ತಿರವೇ ಉಳಿ ಹಿಡಿಯಲು ಕಲಿತವನ ಕೈಕೆಳಗೆ ಪ್ಲೈವುಡ್ ಕಪಾಟು ಜೋಡಿಸಲು ಹೋಗಬೇಕಿತ್ತು.

ಮಧ್ಯಾಹ್ನ ಬಾರಿಗೆ ಹೋಗಿ ನೋಡಿದ. ರೆಕ್ಸಿನ್ನಿಗೆ ಬೀಡಿಯ ಕಿಡಿ ಬಿದ್ದು ತೂತಾಗಿ ಸ್ಪಂಜು ಹೊರಬಂದಿತ್ತು. ಸ್ಟೀಲಿನದು ಒದ್ದೆ ನೆಲದ ಮೇಲೆ ಜಾರಿ, ಜಗಳೂರಿನ ಕುರಿ ವ್ಯಾಪಾರಿಯೊಬ್ಬನನ್ನು ಕೆಡವಿತ್ತಂತೆ. ಮರದ್ದಕ್ಕೆ ಏನೂ ಆಗಿರಲಿಲ್ಲ. ಗೋವಿನಕೋವಿಯ ಪಾಪಣ್ಣ ಅದರ ಮೇಲೆ ಒಂದು ಕಾಲು ಮಡಚಿ ಕೂತು ಶೇಂಗಾ ಬಿಡಿಸುತ್ತಿದ್ದ.

"ನೋಡಿದ್ರಾ ಸಾವ್ಕಾರ್ರೆ, ಗೆದ್ದಿದ್ದು ಯಾವ್ದು?" ಅಂದ ಬೈಲಪ್ಪ.

"ಗಟ್ಟಿ ಐತೆ, ಆರಾಮೂ ಐತೆ. ಅದೇ ತೊಂದ್ರೆ," ಅಂದ ಪರಶುರಾಮ್. "ಪಾಪಣ್ಣ ಕುಂತು ಎರಡು ತಾಸಾತು. ತಗಂಡಿರೋದು ಒಂದೇ ಕ್ವಾರ್ಟ್ರು."

"ಅವ್ನು ಕುಡೀದಿದ್ರೆ ನಂದೇನು ತಪ್ಪು?"

"ನಿಮ್ದೇ ತಪ್ಪು ಬೈಲಪ್ಪಣ್ಣ. ಹದಿನೈದು ಇಂಚು ಅಗಲ ಮಾಡೀರಿ. ಕಾಲು ಮ್ಯಾಲಿಟ್ಟ ಅಂದ್ರೆ ಮನೆ ಜಗಲಿ ಆಗೋಗ್ತೈತೆ."

"ಖರೆ ಬೈಲಣ್ಣ, ಏಳಾಕೇ ಮನಸ್ಸು ಬರಲ್ಲ," ಅಂದ ಪಾಪಣ್ಣ.

"ನೀನು ಬಾಯಿ ಮುಚ್ಕಂಡು ಶೇಂಗಾ ತಿನ್ನು."

ಪರಶುರಾಮ್ ನಗಲಿಲ್ಲ. "ಅಗಲ ಹನ್ನೊಂದು ಮಾಡ್ರಿ. ಕಾಲಿಡೋ ಅಡ್ಡಪಟ್ಟಿ ಮ್ಯಾಲಕ್ಕೆ ತಗಳ್ರಿ. ಇಪ್ಪತ್ತೂ ನಿಮ್ಗೇ. ಆಗಲ್ಲ ಅಂದ್ರೆ ಚನ್ನಗಿರಿಯೋನಿಗೆ ಹೇಳ್ತೀನಿ, ರೆಕ್ಸಿನ್ ಬದಲು ತಗಡು ಹಾಕ್ತಾನೆ."

"ಕುಂತೋರಿಗೆ ನೋವಾಗಂಗೆ ಮಾಡು ಅಂತೀರಿ."

"ನೋವು ಬ್ಯಾಡ. ಏಳಬೇಕು ಅನ್ನಿಸಿದ್ರೆ ಸಾಕು."

ಬೈಲಪ್ಪ ಪಾಪಣ್ಣನನ್ನು ಎಬ್ಬಿಸಿ, ಸ್ಟೂಲನ್ನು ಹೆಗಲಿಗೇರಿಸಿ, ಬಸ್ ನಿಲ್ದಾಣದವರೆಗೂ ಬೈದುಕೊಂಡೇ ಹೋದ. ಮೂವತ್ತು ವರ್ಷ ಅವನು ಮಾಡಿದ ಯಾವ ಕುರ್ಚಿಯಿಂದಲೂ ಯಾರಿಗೂ ಬೇಗ ಏಳಬೇಕಾಗಿ ಬಂದಿರಲಿಲ್ಲ.

ಅಂಗಡಿಗೆ ಬಂದವನು ಸ್ಟೂಲಿನ ಹಲಗೆಯ ಮೇಲೆ ಹನ್ನೊಂದು ಇಂಚಿಗೆ ಗೆರೆ ಹಾಕಿದ. ಆಮೇಲೆ ಗರಗಸ ತೆಗೆದುಕೊಂಡ. ಹಲಗೆಯನ್ನು ಸುತ್ತಲೂ ಕೊಯ್ದು, ಕಾಲುಗಳನ್ನು ಒಳಕ್ಕೆ ಸರಿಸಿ, ಅಡ್ಡಪಟ್ಟಿಯನ್ನು ನಾಲ್ಕು ಬೆರಳು ಮೇಲಕ್ಕೆ ಕೂರಿಸಿದ. ಹತ್ತಿ ಕೂತು ಗಡಿಯಾರ ನೋಡತೊಡಗಿದ.

ಹೆಂಡತಿ ನಾಗರತ್ನ ಚಹಾ ತಂದಳು. "ಏನ್ರೀ, ಕೆಲಸ ಬಿಟ್ಟು ಹಿಂಗೆ ಕುಂತೀರಿ?"

"ಇದೇ ಕೆಲಸ."

ಕಾಲು ಮಡಚಲು ನೋಡಿದ, ಜಾಗ ಸಾಲಲಿಲ್ಲ. ಮಂಡಿ ಎದೆಯ ಹತ್ತಿರ ಬಂತು, ತೊಡೆ ಜೋಮು ಹಿಡಿಯಿತು. ನಲವತ್ತು ನಿಮಿಷಕ್ಕೆ ಇಳಿದ. ಇಷ್ಟು ಹೊತ್ತು ಜಾಸ್ತಿಯಾಯಿತು ಅನ್ನಿಸಿ, ಪಟ್ಟಿಯನ್ನು ಇನ್ನೊಂದು ಬೆರಳು ಮೇಲೆತ್ತಿ ಮತ್ತೆ ಕೂತ. ಇಪ್ಪತ್ತೈದಕ್ಕೆ ಇಳಿದ.

"ಈಗ ಸರಿಹೋತು," ಅಂದ.

ಯಾರ ಪಂಚೆಯೂ ಸಿಕ್ಕಿ ಹರಿಯದಂತೆ ಅಂಚನ್ನು ಉಪ್ಪುಕಾಗದದಿಂದ ನುಣ್ಣಗೆ ಉಜ್ಜಿದ. ಅಳತೆಯನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದು, ಮುಂದಿನ ಹಲಗೆ ಎಳೆದುಕೊಂಡ.